ಕಂಕುಳಿಗೆ ಕೈ ಹಾಕಿ ಎತ್ತಬೇಡಿ

ಕಳೆದ ವರ್ಷ ಯುಗಾದಿ ಮುಗಿದ ವಾರ ನಂದಿಯಲ್ಲಿರುವ ನಮ್ಮ ಅಜ್ಜಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಎರಡೂ ಸ್ವಾಧೀನ ತಪ್ಪಿದವು. ಡಿಸ್ಚಾರ್ಜ್ ಚೀಟಿಯಲ್ಲಿ ಹನ್ನೊಂದು ಮಾತ್ರೆಗಳ ಹೆಸರಿತ್ತು. ನೋಡಿಕೊಳ್ಳುವುದು ಹೇಗೆ ಅನ್ನೋದಕ್ಕೆ ಒಂದೇ ಸಾಲು: ‘ಮನೆಯಲ್ಲಿ ಆರೈಕೆ ಮುಂದುವರಿಸಿ’.

ನನಗೆ ಬೆಂಗಳೂರಿನಲ್ಲಿ ಕೆಲಸ, ವಾರದಲ್ಲಿ ಮೂರು ದಿನ ಆಫೀಸು. ಅಮ್ಮನಿಗೆ ಸೊಂಟ ನೋವು. ಇನ್ನೇನು ಮಾಡೋದು, ಒಂದು ಏಜೆನ್ಸಿಗೆ ಫೋನ್ ಮಾಡಿದೆ. ‘ಟ್ರೈನ್ಡ್ ಅಟೆಂಡರ್ ಕಳಿಸ್ತೀವಿ ಸರ್, ತಿಂಗಳಿಗೆ 22 ಸಾವಿರ’ ಅಂದರು. ಬಂದವರು ಗೌರಿಬಿದನೂರು ಕಡೆಯ ಹೆಂಗಸು, ಮೊದಲು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರಂತೆ. ಒಳ್ಳೆಯವರು. ಅಜ್ಜಿಗೆ ಮೊದಲ ದಿನವೇ ಹಿಡಿಸಿದರು.

ಮೂರನೇ ದಿನ ಬೆಳಿಗ್ಗೆ ಅಜ್ಜಿಯನ್ನು ಹಾಸಿಗೆಯಿಂದ ಎಬ್ಬಿಸುವಾಗ ಕಂಕುಳಿಗೆ ಕೈ ಹಾಕಿ ಮೇಲಕ್ಕೆಳೆದರು. ಅಜ್ಜಿ ಕಿರುಚಿದ್ದು ಬೀದಿಗೆ ಕೇಳಿಸಿತಂತೆ. ಸ್ವಾಧೀನ ತಪ್ಪಿದ ಭುಜವನ್ನು ಹಿಡಿದಿಡಲು ಸ್ನಾಯುಗಳಲ್ಲಿ ಬಲ ಇರುವುದಿಲ್ಲ, ಎಳೆದರೆ ಕೀಲು ಜಾರುತ್ತದೆ. ಜಾರಿತ್ತು. ನಾನು ಏಜೆನ್ಸಿಯವರ ಮೇಲೆ ಕೂಗಾಡಿದೆ. ಆಮೇಲೆ ಆಕೆಯನ್ನು ಕೇಳಿದೆ, ಎಷ್ಟು ದಿನ ಟ್ರೈನಿಂಗ್ ಕೊಟ್ಟಿದ್ರು ಅಂತ. ‘ಎರಡು ದಿನ ಇನ್ನೊಬ್ಬರ ಮನೇಲಿ ನಿಂತು ನೋಡ್ದೆ ಅಣ್ಣ, ಅಷ್ಟೇ.’ ನಾವು ಕೊಡುತ್ತಿದ್ದ 22 ಸಾವಿರದಲ್ಲಿ ಆಕೆಯ ಕೈಗೆ ಸೇರುತ್ತಿದ್ದದ್ದು 13.

ನಮ್ಮ ಕಂಪನಿಯಲ್ಲಿ ಒಂದು ಬಟನ್ನಿನ ಬಣ್ಣ ಬದಲಿಸಬೇಕಾದರೂ ಇಬ್ಬರು ರಿವ್ಯೂ ಮಾಡಬೇಕು. ಹಾಸಿಗೆ ಹಿಡಿದ ಮನುಷ್ಯರನ್ನು ಒಪ್ಪಿಸುವಾಗ ಯಾರೂ ಏನೂ ಕೇಳುವುದಿಲ್ಲ.

ಪಾಠ ಇಲ್ಲ ಅಂತಲ್ಲ. ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ‘ಹೋಮ್ ಹೆಲ್ತ್ ಏಡ್’ ಕೆಲಸಕ್ಕೆ ಏನೇನು ಗೊತ್ತಿರಬೇಕು ಅಂತ ಪಟ್ಟಿ ಮಾಡಿದೆ: ಸ್ನಾನ, ಊಟ, ಎತ್ತಿ ಕೂರಿಸುವುದು, ಸೋಂಕು ತಡೆಯುವುದು ಎಲ್ಲವೂ ಇದೆ. ಅಂಗವಿಕಲರ ಆರೈಕೆಗೆ ನ್ಯಾಷನಲ್ ಟ್ರಸ್ಟ್‌ನ ‘ಸಹಯೋಗಿ’ ತರಬೇತಿ ಇದೆ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಗಳು ವೃದ್ಧರ ಆರೈಕೆ ಕಲಿಸುತ್ತವೆ. ಆದರೆ ಇದನ್ನೆಲ್ಲ ಕಲಿಯದವರನ್ನು ಮನೆಗೆ ಕಳಿಸಬಾರದು ಅಂತ ಎಲ್ಲಿದೆ? 2019ರ ಡಿಸೆಂಬರ್‌ನಲ್ಲಿ ಪೋಷಕರು ಮತ್ತು ಹಿರಿಯ ನಾಗರಿಕರ ಕಾಯ್ದೆಗೆ ತಿದ್ದುಪಡಿ ಮಸೂದೆ ಲೋಕಸಭೆಗೆ ಬಂತು. ಮನೆ ಆರೈಕೆ ಏಜೆನ್ಸಿಗಳ ನೋಂದಣಿ ಅದರಲ್ಲಿತ್ತು. ಪಾಸಾಗಲಿಲ್ಲ, 2024ರಲ್ಲಿ ಲೋಕಸಭೆಯ ಜೊತೆಗೇ ಅದೂ ಹೋಯಿತು. ಅಮೆರಿಕದಲ್ಲಿ ಮೆಡಿಕೇರ್ ಹಣ ಪಡೆಯುವ ಏಜೆನ್ಸಿಯ ಹೋಮ್ ಹೆಲ್ತ್ ಏಡ್‌ಗೆ ತರಬೇತಿ ಕೊಡುವುದಾದರೆ ಕನಿಷ್ಠ 75 ಗಂಟೆ, ಅದರಲ್ಲಿ 16 ಗಂಟೆ ಮೇಲ್ವಿಚಾರಣೆಯಲ್ಲಿ ಪ್ರಾಯೋಗಿಕ. ಜಪಾನಿನಲ್ಲಿ ಆರಂಭಿಕ ಕೋರ್ಸೇ 130 ಗಂಟೆ. ನಮ್ಮ ಅಜ್ಜಿಗೆ ಸಿಕ್ಕಿದ್ದು ಎರಡು ದಿನ ನಿಂತು ನೋಡಿದ ಅನುಭವ.

ಆಕೆಯನ್ನು ವಾಪಸ್ ಕಳಿಸೋಣ ಅಂದೆ. ಅಜ್ಜಿ ಒಪ್ಪಲಿಲ್ಲ. ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕರೆಸಿದೆವು. ಅವರು ಅಜ್ಜಿಗಿಂತ ಹೆಚ್ಚು ಹೊತ್ತು ಆಕೆಯ ಜೊತೆಗೇ ಕೂತರು. ಕುರ್ಚಿಯನ್ನು ಬಲ ಇರುವ ಕಡೆಗೆ ಹಾಕಿ, ಸೊಂಟದ ಬೆಲ್ಟ್ ಹಿಡಿದು ಎಬ್ಬಿಸಿ, ಕೈ ಎಳೆಯಬೇಡಿ. ಮಲಗಿಸಿಕೊಂಡು ಊಟ ಕೊಡಲೇಬೇಡಿ, ನೆಟ್ಟಗೆ ಕೂರಿಸಿ, ಗಲ್ಲ ತುಸು ಕೆಳಗೆ, ಚಿಕ್ಕ ತುತ್ತು. ಎಡಗೆನ್ನೆಯಲ್ಲಿ ಅನ್ನ ಉಳಿದಿದೆಯಾ ನೋಡಿ, ಊಟವಾದ ಮೇಲೂ ಅರ್ಧ ಗಂಟೆ ಕೂರಿಸಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನಿನ ಕೆಳಗೆ ಕೆಂಪಗಾಗಿದ್ದು ಒತ್ತಿದರೂ ಬೆಳ್ಳಗಾಗದಿದ್ದರೆ ಅದು ಹಾಸಿಗೆ ಹುಣ್ಣಿನ ಶುರು, ಅದನ್ನು ಉಜ್ಜಬೇಡಿ. ಆಕೆ ಇದನ್ನೆಲ್ಲ ನನಗಿಂತ ಬೇಗ ಕಲಿತರು. ಮಗ್ಗುಲು ಬದಲಿಸಿದ ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದರು. ಅಜ್ಜಿಗೆ ಒಂದು ಹುಣ್ಣೂ ಆಗಲಿಲ್ಲ.

ಐದು ತಿಂಗಳಾದ ಮೇಲೆ ಏಜೆನ್ಸಿಯವರು ಆಕೆಯನ್ನು ಬೇರೆ ಮನೆಗೆ ಹಾಕಿ ಹೊಸ ಹುಡುಗಿಯನ್ನು ಕಳಿಸಿದರು. ಅವಳೂ ‘ಟ್ರೈನ್ಡ್’. ಅಜ್ಜಿಯ ಹತ್ತಿರ ಬಂದವಳೇ ಕಂಕುಳಿಗೆ ಕೈ ಹಾಕಿದಳು. ಬ್ಯಾಗು ಹಿಡಿದು ಹೊರಟು ನಿಂತಿದ್ದ ಹಳಬರು ಬ್ಯಾಗು ಕೆಳಗಿಟ್ಟು, ‘ಅಲ್ಲಿ ಅಲ್ಲಮ್ಮ, ಇಲ್ಲಿ ಹಿಡ್ಕೋ’ ಅಂತ ಬೆಲ್ಟ್ ತೋರಿಸಿದರು. ಒಂದು ಗಂಟೆ ಹೇಳಿಕೊಟ್ಟರು. ಗೌರಿಬಿದನೂರಿನ ಬಸ್ಸು ತಪ್ಪಿತು. ನಾನು ಅಷ್ಟನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ, ಮುಂದಿನವರು ಬಂದಾಗ ತೋರಿಸೋಕೆ.