ಹುಡುಕಿಕೊಡುವವರು ಬೇಕು

ಇತಿಹಾಸ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಮೊನ್ನೆ ನಮ್ಮ ಕಾಲೇಜು ಗ್ರಂಥಾಲಯದ ಕೌಂಟರಿಗೆ ಬಂದು ಮೊಬೈಲ್ ನನ್ನ ಮುಂದೆ ಹಿಡಿದಳು. “ಮೇಡಂ, ಹರಿಹರದ ದೇವಸ್ಥಾನದ ಶಾಸನ ಎಷ್ಟು ಹುಡುಕಿದ್ರೂ ಸಿಗ್ತಾನೇ ಇಲ್ಲ. ಬರೀ ಫೋಟೋ ಬರ್ತಾವೆ.” ಅವಳೂ ನನ್ನ ಹಾಗೆ ಹರಿಹರದಿಂದ ದಾವಣಗೆರೆಗೆ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಹರಿಹರೇಶ್ವರನ ಗುಡಿಯನ್ನು 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನು ಹೇಳುವ ಶಾಸನದ ಪಾಠವನ್ನು ಕಣ್ಣಾರೆ ಓದಬೇಕಿತ್ತು.

ಆ ಪಾಠ ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೇ ಸಂಪುಟದಲ್ಲಿದೆ. ಅದರ ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಆದರೆ ಸಂಪುಟ ಅಚ್ಚಾದಾಗ ದಾವಣಗೆರೆ ಜಿಲ್ಲೆಯೇ ಇರಲಿಲ್ಲ. ಅದು ಆದದ್ದು 1997ರಲ್ಲಿ. ಸಂಪುಟದ ಕಾಲಕ್ಕೆ ಹರಿಹರ ಚಿತ್ರದುರ್ಗ ಜಿಲ್ಲೆಯ ದಾವಣಗೆರೆ ತಾಲ್ಲೂಕಿನೊಳಗಿತ್ತು. ಮುಖಪುಟದ ಮೇಲೆ ಜಿಲ್ಲೆಯ ಹೆಸರು ಇಂಗ್ಲಿಷರು ಬರೆಯುತ್ತಿದ್ದ ಹಾಗೆ ‘ಚಿತಲ್‌ದ್ರೂಗ್’ ಎಂದಿದೆ. ಹರಿಹರ ಎಂದು ಹುಡುಕಿದವರಿಗೆ ಅದು ಕಾಣುವುದು ಕಷ್ಟ. ಇಬ್ಬರೂ ಕೂತು ಹಳೆಯ ಹೆಸರನ್ನು ರೋಮನ್ ಅಕ್ಷರದಲ್ಲಿ ಹೊಡೆದೆವು, ಸಂಪುಟ ತೆರೆದೆವು, ದಾವಣಗೆರೆ ತಾಲ್ಲೂಕಿನ ಭಾಗಕ್ಕೆ ಹೋದೆವು. ಹರಿಹರದ ಶಾಸನಗಳು ಸಾಲಾಗಿ ಬಂದವು.

“ಎಲ್ಲಾ ಮೊಬೈಲಲ್ಲೇ ಸಿಗುತ್ತೆ, ಇನ್ನು ಲೈಬ್ರರಿ ಯಾಕ್ರೀ?” ಎಂದು ಬಸ್ಸಿನಲ್ಲಿ ಪರಿಚಯದವರು ಕೇಳುತ್ತಲೇ ಇರುತ್ತಾರೆ. ಅವರಿಗೆ ನಾನು ಹೇಳುವುದು ಇದನ್ನೇ. ಪುಸ್ತಕ ಅವಳ ಅಂಗೈಯಲ್ಲೇ ಇತ್ತು, ದುಡ್ಡೂ ಕೊಡಬೇಕಿರಲಿಲ್ಲ, ಆದರೂ ಸಿಗಲಿಲ್ಲ. ತಪ್ಪು ಕಪಾಟಿನಲ್ಲಿಟ್ಟ ಪುಸ್ತಕ ಕಳೆದುಹೋದಂತೆಯೇ ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಡಿಜಿಟಲ್ ಕಪಾಟಿಗೂ ಆ ಮಾತು ಅಷ್ಟೇ ನಿಜ.

ಹೆಸರಿನ ಕೆಲಸ

ನಾನು ಕೆಲಸಕ್ಕೆ ಸೇರಿದಾಗ ಅಕ್ಸೆಷನ್ ರಿಜಿಸ್ಟರ್, ಕ್ಯಾಟಲಾಗ್ ಕಾರ್ಡು, ಇಶ್ಯೂ ರಿಜಿಸ್ಟರ್ ಇಷ್ಟೇ ನಮ್ಮ ಸಲಕರಣೆ. ಈಗ ಪುಸ್ತಕದ ಬೆನ್ನಿಗೆ ಬಾರ್‌ಕೋಡ್ ಅಂಟಿದೆ, ಕೌಂಟರಿನಲ್ಲಿ ಸ್ಕ್ಯಾನರ್ ಇದೆ. ನಾವು ಬಳಸುವ ‘ಕೋಹಾ’ ಎಂಬ ತಂತ್ರಾಂಶ 1999ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿದ್ದು. ಅದನ್ನು ಯಾರು ಬೇಕಾದರೂ ಉಚಿತವಾಗಿ ಹಾಕಿಕೊಳ್ಳಬಹುದು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆಯ ‘ಎನ್-ಲಿಸ್ಟ್’ ಯೋಜನೆಗೆ ಸೇರಿದ ಕಾಲೇಜುಗಳ ವಿದ್ಯಾರ್ಥಿಗಳು ಮನೆಯಲ್ಲೇ ಕೂತು ದುಬಾರಿ ನಿಯತಕಾಲಿಕಗಳನ್ನು ಓದಬಹುದು. ಅದೇ ಸಂಸ್ಥೆಯ ‘ಶೋಧಗಂಗಾ’ದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿವೆ.

ಯಂತ್ರ ಬಂದರೂ ನಮ್ಮ ಕೆಲಸದ ತಿರುಳು ಬದಲಾಗಿಲ್ಲ. ಒಂದು ಪುಸ್ತಕ ಕೋಹಾಕ್ಕೆ ಸೇರುವಾಗ ಏನಾಗುತ್ತದೆ ನೋಡಿ. ಕುವೆಂಪು ಅವರ ಹೆಸರು ಒಂದು ಮುಖಪುಟದಲ್ಲಿ ‘ಕುವೆಂಪು’ ಎಂದಿದ್ದರೆ ಇನ್ನೊಂದರಲ್ಲಿ ‘ಕೆ.ವಿ. ಪುಟ್ಟಪ್ಪ’ ಎಂದಿರುತ್ತದೆ. ಹಳೆಯ ದಾಖಲೆಯಲ್ಲಿ ಇದೇ ಹೆಸರು ರೋಮನ್ ಅಕ್ಷರದಲ್ಲಿ ಬೇರೆ ಬೇರೆ ಕಾಗುಣಿತ ತಳೆದಿರುತ್ತದೆ. ಇವರೆಲ್ಲ ಒಬ್ಬರೇ ಎಂದು ಕಂಪ್ಯೂಟರಿಗೆ ತಾನಾಗಿ ತಿಳಿಯುವುದಿಲ್ಲ. ಒಂದು ರೂಪವನ್ನು ಅಧಿಕೃತ ಎಂದು ಗೊತ್ತುಮಾಡಿ, ಉಳಿದವನ್ನೆಲ್ಲ ಅದಕ್ಕೆ ಜೋಡಿಸಬೇಕು. ಒಂದನ್ನು ಜೋಡಿಸದೆ ಬಿಟ್ಟರೂ ಅಷ್ಟು ಪುಸ್ತಕಗಳು ಓದುಗರ ಕಣ್ಣಿಗೆ ಮರೆಯಾಗುತ್ತವೆ.

ಇಡೀ ಕನ್ನಡಕ್ಕೇ ಈ ಕಷ್ಟ ಎದುರಾಗಿತ್ತು. 2000ದ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಶುರುವಾಯಿತು. ಸಾವಿರಾರು ಕನ್ನಡ ಪುಸ್ತಕಗಳು ಸ್ಕ್ಯಾನ್ ಆದವು. ಆದರೆ ಹೆಸರುಗಳನ್ನು ರೋಮನ್ ಲಿಪಿಯಲ್ಲಿ, ತೋಚಿದ ಹಾಗೆ ಹೊಡೆದಿದ್ದರು. ‘ಮರಳಿ ಮಣ್ಣಿಗೆ’ಯ ‘ಳ’ ರೋಮನ್‌ನಲ್ಲಿ ‘ಲ’ ಆಗುತ್ತದೆ, ‘ಣ’ ‘ನ’ ಆಗುತ್ತದೆ, ಒತ್ತಕ್ಷರ ಒಮ್ಮೊಮ್ಮೆ ಬಿದ್ದೇ ಹೋಗುತ್ತದೆ. ಹಾಗಿದ್ದರೆ ಯಾವ ಕಾಗುಣಿತದಲ್ಲಿ ಹುಡುಕುವುದು? ‘ಸಂಚಯ’ ಎಂಬ ಸ್ವಯಂಸೇವಕರ ತಂಡ ಇಂಥ ಹೆಸರುಗಳನ್ನು ಜನರ ನೆರವಿನಿಂದ ಕನ್ನಡ ಲಿಪಿಗೆ ತಂದು, ಹುಡುಕುವ ತಾಣವೊಂದನ್ನು ಕಟ್ಟಿತು. ಸಂಬಳವಿಲ್ಲದೆ ಮಾಡಿದ ಆ ಕೆಲಸಕ್ಕೆ ಕನ್ನಡದ ಪ್ರತಿ ಓದುಗರೂ ಋಣಿ.

ಇನ್ನೊಂದು ತೊಡಕು ನಮ್ಮ ಕಂಪ್ಯೂಟರಿನೊಳಗೇ ಇದೆ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಕಡತಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿವೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಅಂಥ ಕಡತದಲ್ಲಿ ‘ದಾವಣಗೆರೆ’ ಎಂಬ ಪದ ನೂರು ಸಲ ಇದ್ದರೂ ಯೂನಿಕೋಡ್‌ನಲ್ಲಿ ಹುಡುಕಿದರೆ ಒಂದೂ ಸಿಗದು. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತಿರುಗಿಸಿ, ಒತ್ತಕ್ಷರ ಕೆಟ್ಟಿದೆಯೇ ಎಂದು ಸಾಲು ಸಾಲು ನೋಡಬೇಕು. ಸ್ಕ್ಯಾನ್ ಮಾಡಿದ ಪುಟವೂ ಕಂಪ್ಯೂಟರಿಗೆ ಬರೀ ಚಿತ್ರವೇ. ಅಕ್ಷರ ಗುರುತಿಸುವ ತಂತ್ರಾಂಶ ಈಗ ಕನ್ನಡವನ್ನು ಸಾಕಷ್ಟು ಚೆನ್ನಾಗಿ ಓದುತ್ತದೆ. ಆದರೆ ಮಸಿ ಮಾಸಿದ ಹಳೆಯ ಅಚ್ಚಿಗೆ ಇವತ್ತಿಗೂ ಮನುಷ್ಯರ ಕಣ್ಣೇ ಬೇಕು.

ಯಾವುದನ್ನು ಹಂಚಬಹುದು?

“ಮೇಡಂ, ಈ ಪುಸ್ತಕದ ಪಿಡಿಎಫ್ ಕಳಿಸಿ” ಎಂದು ಕೇಳುವ ಮಕ್ಕಳಿಗೆ ನಾನು ಕಾನೂನನ್ನೂ ಹೇಳಿಕೊಡುತ್ತೇನೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಅವರ ಬರಹಕ್ಕೆ ಹಕ್ಕುಸ್ವಾಮ್ಯ ಇರುತ್ತದೆ. ಮರುವರ್ಷದ ಜನವರಿಯಿಂದ ಲೆಕ್ಕ. ಪುಸ್ತಕದ ಗಂಟು ತಲೆಯ ಮೇಲೆ ಹೊತ್ತು ಊರೂರು ಮಾರಿದ ಗಳಗನಾಥರು ತೀರಿಕೊಂಡದ್ದು 1942ರಲ್ಲಿ. ಅವರ ಕಾದಂಬರಿಗಳು 2003ರಿಂದ ಎಲ್ಲರ ಸ್ವತ್ತು. ಡಿ.ವಿ. ಗುಂಡಪ್ಪನವರು ತೀರಿಕೊಂಡದ್ದು 1975ರಲ್ಲಿ. ಅವರ ಕೃತಿಗಳಿಗೆ 2035ರ ಕೊನೆಯವರೆಗೆ ಹಕ್ಕಿದೆ. ವಾಟ್ಸ್‌ಆ್ಯಪ್‌ನಲ್ಲಿ ಬಂತೆಂದ ಮಾತ್ರಕ್ಕೆ ಅದು ಮುಕ್ತವಲ್ಲ. ಬದುಕಿರುವ ಲೇಖಕರ ಅನ್ನದ ಪ್ರಶ್ನೆಯೂ ಇದರಲ್ಲಿದೆ.

ಕುರ್ಚಿ, ಮೇಜು, ಮನುಷ್ಯರು

ಸಾರ್ವಜನಿಕ ಗ್ರಂಥಾಲಯಗಳ ಮಾತಿಗೆ ಬರೋಣ. ಕರ್ನಾಟಕದ ಗ್ರಂಥಾಲಯ ಕಾಯ್ದೆ 1965ರದ್ದು. ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ತಳಹದಿ ಹಾಕಿದ ಎಸ್.ಆರ್. ರಂಗನಾಥನ್ ಆಗ ಬೆಂಗಳೂರಿನಲ್ಲೇ ಇದ್ದರು. ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ. ಈಗ ಅದು ತೆರಿಗೆಯ ಶೇ 6ರಷ್ಟು. ದಾವಣಗೆರೆಯಲ್ಲಿ ಮನೆ ಇರುವ ಯಾರೇ ಆಗಲಿ ರಸೀದಿ ತೆಗೆದು ನೋಡಲಿ. ಪುಸ್ತಕ ಓದಲಿ ಬಿಡಲಿ, ಗ್ರಂಥಾಲಯದಲ್ಲಿ ಅವರ ಪಾಲಿದೆ.

2020ರ ಆರಂಭದಲ್ಲಿ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ತೆರೆಯಿತು. ಸ್ವಲ್ಪ ದಿನಕ್ಕೇ ಕೊರೊನಾ ಬಂದು ಬಾಗಿಲುಗಳೆಲ್ಲ ಮುಚ್ಚಿದಾಗ ಓದುವವರಿಗೆ ಅದರ ಆ್ಯಪ್ ಆಸರೆಯಾಯಿತು. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರ ಮಕ್ಕಳ ದಿನದಂದು ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಆ ಗ್ರಂಥಾಲಯಗಳನ್ನು ‘ಅರಿವು ಕೇಂದ್ರ’ ಎನ್ನುತ್ತೇವೆ. ಎಷ್ಟೋ ಕಡೆ ಕಂಪ್ಯೂಟರ್ ಬಂದಿದೆ, ಟಿ.ವಿ. ಬಂದಿದೆ. ಅದನ್ನು ದಿನಾ ಚಾಲೂ ಮಾಡಿ, ಮಗುವಿನ ಪಕ್ಕ ಕೂತು, ಯಾವುದು ಸರಿಯಾದ ಮಾಹಿತಿ, ಯಾವುದು ಮೋಸ ಎಂದು ತೋರಿಸುವ ಮೇಲ್ವಿಚಾರಕರಿದ್ದರೆ ಮಾತ್ರ ಅದು ಗ್ರಂಥಾಲಯ. ಅವರಿಗೆ ತರಬೇತಿ ಮತ್ತು ಮರ್ಯಾದೆಯ ಸಂಬಳ ಕೊಡುವುದು ಯಂತ್ರ ಕೊಳ್ಳುವಷ್ಟೇ ಅಗತ್ಯ.

ನಗರದ ಓದುವ ಕೊಠಡಿಗಳಿಗೆ ಹೋಗಿ ನೋಡಿ. ಕೆಪಿಎಸ್‌ಸಿ, ಪಿಎಸ್‌ಐ, ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ನೀರಿನ ಬಾಟಲಿ, ಊಟದ ಡಬ್ಬಿ ಸಮೇತ ಬೆಳಿಗ್ಗೆಯೇ ಬಂದು ಕೂರುತ್ತಾರೆ. ಮೊಬೈಲ್ ಎಲ್ಲರ ಹತ್ತಿರವೂ ಇದೆ. ಒಂದೇ ಕೋಣೆಯ ಮನೆಯಲ್ಲಿ ಸಿಗದ ಮೇಜು, ಫ್ಯಾನು, ನಿಶ್ಶಬ್ದ ಅವರಿಗೆ ಬೇಕು. ಆನ್‌ಲೈನ್ ಅರ್ಜಿ ತುಂಬುವಾಗ, ಹಳೆಯ ಪ್ರಶ್ನೆಪತ್ರಿಕೆ ಹುಡುಕುವಾಗ ಅವರು ಎದ್ದು ಬರುವುದು ಗ್ರಂಥಪಾಲಕರ ಹತ್ತಿರವೇ.

ಓದುಗರಲ್ಲಿ ನನ್ನದೊಂದು ಬೇಡಿಕೆ. ದೊಡ್ಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಲು ದೊಡ್ಡ ಸಂಸ್ಥೆಗಳಿವೆ. ದಾವಣಗೆರೆಯ ಹತ್ತಿ ಗಿರಣಿಗಳ ಕಾಲದ ಕರಪತ್ರ, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಕೈಪಿಡಿ, ದುಗ್ಗಮ್ಮನ ಜಾತ್ರೆಯ ಆಮಂತ್ರಣ, ಶಾಲೆಯ ಸ್ಮರಣ ಸಂಚಿಕೆ, ಇವನ್ನು ನಾವು ಉಳಿಸದಿದ್ದರೆ ಬೇರೆ ಯಾರೂ ಉಳಿಸುವುದಿಲ್ಲ. ಅಟ್ಟದ ಮೇಲೆ ಇಂಥದ್ದು ಸಿಕ್ಕರೆ ರದ್ದಿಗೆ ಹಾಕುವ ಮೊದಲು ಹತ್ತಿರದ ಗ್ರಂಥಾಲಯಕ್ಕೆ ತನ್ನಿ. ಜೊತೆಗೆ ಒಂದು ಚೀಟಿಯಲ್ಲಿ ಊರು, ಇಸವಿ, ಬರೆದವರು, ಅಚ್ಚು ಮಾಡಿದವರು, ಗೊತ್ತಿದ್ದಷ್ಟು ಬರೆದುಕೊಡಿ. ಸ್ಕ್ಯಾನ್ ಮಾಡಲು ಹೆಚ್ಚು ಹೊತ್ತು ಬೇಕಿಲ್ಲ. ಆದರೆ ಆ ನಾಲ್ಕು ವಿವರ ಹೇಳಬಲ್ಲ ಹಿರಿಯರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಈ ಕೆಲಸ ಈಗಲೇ ಆಗಬೇಕು, ಅದನ್ನು ಮಾಡುವ ಗ್ರಂಥಪಾಲಕರು ಪ್ರತಿ ಊರಿಗೂ ಬೇಕು. ನೀವು ಕಟ್ಟುವ ಕರದ ಬಲದ ಮೇಲೆ ಅದನ್ನು ಕೇಳುವ ಹಕ್ಕು ನಿಮಗಿದೆ.