ಚರಗದ ಹೊಲಕ್ಕೆ ಪುಟ್ಟ ಮಗುವಿನೊಡನೆ

ಉತ್ತರಿ, ಹಸ್ತ ಮಳೆಗಳು ಹಿಂದೆ ಬೀಳುತ್ತಿದ್ದಂತೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳಲ್ಲಿ ಹೊರಗೆ ಹೋಗುವ ಮಾತು ಶುರುವಾಗುತ್ತದೆ. ದಸರೆಯ ರಜೆಗೆ ಅಂಜನಾದ್ರಿ ಬೆಟ್ಟ, ಆನೆಗೊಂದಿ, ಇಟಗಿಯ ಮಹಾದೇವ ದೇವಾಲಯ. ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ. ಮುಂದೆ ಎಳ್ಳಮಾವಾಸ್ಯೆಗೆ ಮತ್ತೊಮ್ಮೆ ಹೊಲ. ಬುತ್ತಿ ಕಟ್ಟಿಕೊಂಡು, ಬಂಡಿಯಲ್ಲಿಯೋ ಟ್ರ್ಯಾಕ್ಟರಿನಲ್ಲಿಯೋ ಮನೆಮಂದಿಯೆಲ್ಲ ಹೊರಟಾಗ ಒಂದು ಪ್ರಶ್ನೆ ಏಳುವುದುಂಟು: ಎರಡು ವರ್ಷದ ಕೂಸನ್ನು ಕರೆದುಕೊಂಡು ಹೋಗುವುದೋ, ಅಜ್ಜಿಯ ಹತ್ತಿರ ಮನೆಯಲ್ಲೇ ಬಿಡುವುದೋ?

ಕರೆದುಕೊಂಡೇ ಹೋಗಿರಿ. ಬಯಲಿನಲ್ಲಿ ಓಡಾಡಿದ ಮಗುವಿಗೆ ಹಸಿವು, ನಿದ್ರೆ ಎರಡೂ ಚೆನ್ನಾಗಿ ಆಗುತ್ತವೆ. ಬಿಸಿಲಿನಿಂದ ಮೂಳೆಗೆ ಬೇಕಾದ 'ಡಿ' ಜೀವಸತ್ವ ಸಿಗುತ್ತದೆ. ದಿನವೂ ಹೊರಗೆ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿಯ ದೋಷ ಕಡಿಮೆ ಎಂಬುದೂ ಈಗ ತಿಳಿದ ವಿಷಯ. ಒಂದರಿಂದ ನಾಲ್ಕು ವರ್ಷದ ಮಗು ದಿನಕ್ಕೆ ಒಟ್ಟು 3 ತಾಸಾದರೂ ಓಡಾಡಿಕೊಂಡಿರಬೇಕು, ಎರಡು ವರ್ಷ ತುಂಬುವ ಮೊದಲು ಮೊಬೈಲು, ಟಿ.ವಿ. ತೋರಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಇದಕ್ಕೆ ಹೊಲದ ಬದುವಿಗಿಂತ ಒಳ್ಳೆಯ ಆಟದ ಬಯಲು ಎಲ್ಲಿದೆ? ಆದರೆ ಆ ದಿನ ನಡೆಯಬೇಕಾದುದು ಮಗುವಿನ ಲೆಕ್ಕದಲ್ಲಿ, ದೊಡ್ಡವರ ಲೆಕ್ಕದಲ್ಲಿ ಅಲ್ಲ. ಅದಕ್ಕಾಗಿ ಕೆಲವು ಸಂಗತಿಗಳನ್ನು ಪಾಲಕರು ತಿಳಿದಿರಬೇಕು.

ಬಿಸಿಲು ಇನ್ನೂ ಹೋಗಿಲ್ಲ

ಮಳೆಗಾಲ ಮುಗಿದು ಚಳಿ ಬರುವ ಈ ಸಂಧಿಕಾಲ ಮೋಸದ ಕಾಲ. ಬೆಳಗಿನಲ್ಲಿ ಮಂಜು, ತಂಪು; ಮೋಡ ಸರಿದ ಮಧ್ಯಾಹ್ನ ಬೇಸಿಗೆಯಂಥ ಬಿಸಿಲು; ಸಂಜೆಗೆ ಮತ್ತೆ ಥಂಡಿ ಗಾಳಿ. ಬೆಳಗಿನ ಥಂಡಿ ನೋಡಿ ಕೂಸಿಗೆ ಸ್ವೆಟರು, ಕುಲಾವಿ ತೊಡಿಸಿದ ತಾಯಿ ಮಧ್ಯಾಹ್ನ ಅದನ್ನು ತೆಗೆಯಲು ಮರೆಯುವುದುಂಟು.

ದೊಡ್ಡವರಿಗೆ ತಾಳುವ ಬಿಸಿಲು ಮಗುವಿಗೆ ತಾಳದು. ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ಹರವು ಹೆಚ್ಚು, ಆದ್ದರಿಂದ ಹೊರಗಿನ ಕಾವನ್ನು ಅದು ಬೇಗ ಹೀರಿಕೊಳ್ಳುತ್ತದೆ. ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಆಟದ ಭರದಲ್ಲಿರುವ ಮಗು ನೀರು ಕೇಳುವುದಿಲ್ಲ. ಆದ್ದರಿಂದ ಅದು ಕೇಳುವವರೆಗೆ ಕಾಯದೆ ಅರ್ಧ ತಾಸಿಗೊಮ್ಮೆ ನಾಲ್ಕಾರು ಗುಟುಕು ನೀರು, ಮಜ್ಜಿಗೆ ಕುಡಿಸಿರಿ. ಆರು ತಿಂಗಳೊಳಗಿನ ಕೂಸಿಗೆ ನೀರು ಬೇಡ. ತಾಯಿಯ ಹಾಲನ್ನೇ ಹೆಚ್ಚು ಸಲ ಕುಡಿಸಿದರೆ ಸಾಕು, ತಾಯಿ ತಾನು ಸಾಕಷ್ಟು ನೀರು ಕುಡಿಯಬೇಕು.

ತುಟಿ ಒಣಗುವುದು, ಅತ್ತರೂ ಕಣ್ಣೀರು ಬರದಿರುವುದು, ಮೂತ್ರ ಗಾಢ ಹಳದಿಯಾಗುವುದು, ಐದಾರು ತಾಸು ಮೂತ್ರವನ್ನೇ ಮಾಡದಿರುವುದು ಮೈಯಲ್ಲಿ ನೀರು ಕಡಿಮೆಯಾಗಿರುವ ಗುರುತುಗಳು. ಮೈ ಸುಡುತ್ತ ಮಗು ಮಂಕಾದರೆ ಬಟ್ಟೆ ಸಡಿಲಿಸಿ ನೆರಳಿಗೆ ತಂದು, ಒದ್ದೆ ಬಟ್ಟೆಯಿಂದ ಮೈ ಒರೆಸುತ್ತ, ಗಾಳಿ ಬೀಸುತ್ತ ಆಸ್ಪತ್ರೆಗೆ ಹೊರಡಬೇಕು.

ಅಂಜನಾದ್ರಿಗೆ 575 ಮೆಟ್ಟಿಲು. ಹತ್ತುವವರು ಬೆಳಗಿನ ತಂಪಿನಲ್ಲೇ ಹತ್ತಿ, ಬಿಸಿಲೇರುವ ಮೊದಲು ಇಳಿಯಬೇಕು. ಮಗು ಮೊದಲ ನೂರು ಮೆಟ್ಟಿಲು ಹುರುಪಿನಿಂದ ಏರಿ, ಮುಂದೆ ಹೆಗಲೇರುತ್ತದೆ. ಹೊರುವ ಶಕ್ತಿ ಇರುವವರು ಜೊತೆಗಿರಲಿ. 1112ರಲ್ಲಿ ಕಟ್ಟಿದ ಇಟಗಿಯ ಗುಡಿಯಂಥ ಕಡೆಗಳಲ್ಲಿ ಚಪ್ಪಲಿ ಹೊರಗೆ ಬಿಡಬೇಕಾಗುತ್ತದೆ. ಮಧ್ಯಾಹ್ನದ ಕಲ್ಲು ಹಾಸು ಮಗುವಿನ ಎಳೆಯ ಪಾದದಲ್ಲಿ ಬೊಬ್ಬೆ ಎಬ್ಬಿಸಬಲ್ಲದು. ಆ ಹೊತ್ತಿನಲ್ಲಿ ಎತ್ತಿಕೊಳ್ಳಿರಿ.

ನೀರು ಮನೆಯಿಂದಲೇ ಒಯ್ಯಿರಿ

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ನಿಮಗೆ ಗೊತ್ತೇ ಇದೆ. ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಂ ಮೀರಿದ ಇಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ಇನ್ನೂ ಹೆಚ್ಚಾದರೆ ಮೂಳೆಯ ತೊಂದರೆ ಬರುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಂತೆ ಸಾಂದ್ರತೆ ಹೆಚ್ಚುತ್ತದೆ. ಆದರೆ ಹೊಲಕ್ಕೆ ಹೋದ ಒಂದು ದಿನದ ನೀರಿನಿಂದ ಇದೇನೂ ಆಗದು. ಆ ದಿನದ ಭಯ ಬೇರೆ: ಹೊಲದ ಬಾವಿ, ಹಳ್ಳ, ಕಾಲುವೆಗಳ ನೀರಿನಲ್ಲಿ ಮಳೆಯ ರಾಡಿಯ ಜೊತೆಗೆ ಬಂದ ರೋಗಾಣುಗಳು. ವಾಂತಿ ಭೇದಿ ಶುರುವಾಗುವುದು ಇದರಿಂದಲೇ. ಶುದ್ಧ ನೀರಿನ ಘಟಕದ ನೀರನ್ನೋ, ಕುದಿಸಿ ಆರಿಸಿದ ನೀರನ್ನೋ ಮನೆಯಿಂದ ಒಯ್ಯಿರಿ. ಕೈ ತೊಳೆಯಲು ಸಾಬೂನಿನ ತುಂಡೊಂದು ಬುತ್ತಿಗಂಟಿನಲ್ಲಿರಲಿ.

ಭೇದಿಯಾದರೆ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ ಕುಡಿಸಿರಿ. ಪುಡಿ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಚಹಾ ಚಮಚದಿಂದ 6 ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪಿನ ಅಳತೆ ಮೀರಬಾರದು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ ಲೀಟರ್, ಅದಕ್ಕಿಂತ ದೊಡ್ಡದಕ್ಕೆ 100ರಿಂದ 200 ಮಿಲಿ ಲೀಟರ್, ಚಮಚ ಚಮಚವಾಗಿ. ಎದೆಹಾಲು, ಊಟ ನಿಲ್ಲಿಸಬಾರದು.

ಬುತ್ತಿಯ ಮಾತು

ಸಜ್ಜಿ ರೊಟ್ಟಿ, ಕಡಬು, ಹೋಳಿಗೆ, ಎಣ್ಣೆಗಾಯಿ, ಮೊಸರನ್ನ ಇವೆಲ್ಲ ಬೆಳಗ್ಗೆ ಮಾಡಿ ಕಟ್ಟಿದವು. ಒಣ ರೊಟ್ಟಿ, ಹೋಳಿಗೆ ಸಂಜೆಯವರೆಗೂ ತಾಳುತ್ತವೆ. ಅನ್ನ, ಪಲ್ಯ, ಸಾರು ಬಿಸಿಲಿನಲ್ಲಿ ತಾಳುವುದಿಲ್ಲ. ಕಟ್ಟಿದ ನಾಲ್ಕು ತಾಸಿನೊಳಗೆ ಮಗುವಿಗೆ ಉಣಿಸಿ, ಉಳಿದದ್ದನ್ನು ಸಂಜೆ ಮತ್ತೆ ಕೊಡಬೇಡಿರಿ.

ಇನ್ನು ಶೇಂಗಾ. ಈ ಹಂಗಾಮಿನಲ್ಲಿ ಹೊಲದಲ್ಲೇ ಹಸಿ ಶೇಂಗಾ ಕಿತ್ತು ಸುಟ್ಟು ತಿನ್ನುವ ರುಚಿಯೇ ಬೇರೆ. ಆದರೆ ಪುಟ್ಟ ಮಗುವಿಗೆ ಇಡೀ ಶೇಂಗಾ ಕಾಳು ಅಪಾಯಕಾರಿ. ಅಗಿಯುವ ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ, ಬಾಯಲ್ಲಿ ಕಾಳಿಟ್ಟುಕೊಂಡೇ ಓಡುತ್ತದೆ, ನಗುತ್ತದೆ. ಆಗ ಕಾಳು ಅನ್ನನಾಳದ ಬದಲು ಉಸಿರಿನ ಕೊಳವೆಗೆ ಜಾರುತ್ತದೆ. ನಾಲ್ಕು ವರ್ಷ ತುಂಬುವವರೆಗೆ ಶೇಂಗಾ, ಕಡಲೆಕಾಳುಗಳನ್ನು ಪುಡಿ ಮಾಡಿ, ಚಟ್ನಿ ಮಾಡಿ, ಹೋಳಿಗೆಯಲ್ಲಿ ಕೊಡಿರಿ, ಇಡಿಯಾಗಿ ಬೇಡ.

ಸಿಕ್ಕಿಕೊಂಡರೆ? ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿರಿ. ಕೆಮ್ಮಲೂ ಅಳಲೂ ಆಗದೆ ನೀಲಿಗಟ್ಟಿದರೆ ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ 5 ಏಟು ಕೊಡಿರಿ. ಹೋಗದಿದ್ದರೆ, ಒಂದು ವರ್ಷ ಮೀರಿದ ಮಗುವಿಗೆ ಹಿಂದಿನಿಂದ ಅಪ್ಪಿ ಹೊಕ್ಕಳ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ 5 ಸಲ ಒತ್ತಿರಿ. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು. ತಲೆ ಕೆಳಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ 5 ಏಟು, ನಂತರ ಅಂಗಾತ ಮಾಡಿ ಎದೆಯ ನಡುವೆ ಎರಡು ಬೆರಳಿನಿಂದ 5 ಸಲ ಒತ್ತುವುದು. ಕಾಳು ಹೊರಬರುವವರೆಗೆ ಇದನ್ನೇ ಒಂದಾದ ಮೇಲೊಂದು ಮಾಡುತ್ತಿರಬೇಕು. ಕಣ್ಣಿಗೆ ಕಾಣದ ಕಾಳಿಗಾಗಿ ಗಂಟಲಲ್ಲಿ ಬೆರಳಾಡಿಸಬಾರದು, ಅದು ಇನ್ನೂ ಒಳಗೆ ಹೋಗುತ್ತದೆ. ಕಾಳು ತಿನ್ನುವಾಗ ಒಮ್ಮೆ ದಮ್ಮು ಕಟ್ಟಿದ ಮಗು ಆಮೇಲೆ ಸರಿಯಾದಂತೆ ಕಂಡರೂ ಕೆಮ್ಮು, ಗೊರಗೊರ ಸದ್ದು ಉಳಿದರೆ ವೈದ್ಯರಿಗೆ ಈ ಸಂಗತಿಯನ್ನು ತಪ್ಪದೆ ಹೇಳಿರಿ. ಕಾಳು ಶ್ವಾಸಕೋಶದಲ್ಲೇ ಕುಳಿತಿರಬಹುದು.

ನದಿ, ಕೆರೆ, ಕಾಲುವೆ

ಗಂಗಾವತಿ ಭಾಗವನ್ನು ಭತ್ತದ ಕಣಜ ಮಾಡಿದ ತುಂಗಭದ್ರಾ ಎಡದಂಡೆ ಕಾಲುವೆ ಈ ತಿಂಗಳುಗಳಲ್ಲಿ ತುಂಬಿ ಹರಿಯುತ್ತದೆ. ಕಾಲುವೆಯ ಇಳಿಜಾರು ಪಾಚಿಗಟ್ಟಿ ಜಾರುತ್ತದೆ, ಸೆಳವು ಮೇಲೆ ಕಾಣುವುದಿಲ್ಲ. ಸಾಣಾಪುರದ ಕೆರೆ, ಆನೆಗೊಂದಿಯ ನದಿ ನೋಡಲು ಚೆಂದ. ಆದರೆ ನದಿಯಲ್ಲಿ ಬಂಡೆಗಳ ನಡುವೆ ಮಡುಗಳಿವೆ, ಮೊಸಳೆಗಳಿವೆ, ಅಣೆಕಟ್ಟಿನಿಂದ ನೀರು ಬಿಟ್ಟಾಗ ಮಟ್ಟ ಹಠಾತ್ತನೆ ಏರುತ್ತದೆ.

ನೀರಿನ ಬಳಿ ಚಿಕ್ಕ ಮಗು ಕೈಗೆಟಕುವ ದೂರದಲ್ಲೇ ಇರಬೇಕು. ಮುಳುಗುವ ಮಗು ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಹತ್ತು ಜನ ಸೇರಿದ ಕಡೆ 'ಎಲ್ಲರೂ ನೋಡುತ್ತಿದ್ದಾರೆ' ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ. ಆದ್ದರಿಂದ ಹೊರಡುವಾಗಲೇ ಹೆಸರಿಟ್ಟು ಹೇಳಿರಿ: ಊಟದವರೆಗೆ ಮಗು ಅಪ್ಪನದು, ಊಟದ ಮೇಲೆ ಅತ್ತೆಯದು ಎಂದು. ಹೊಲದಲ್ಲಿ ಕಟ್ಟೆಯಿಲ್ಲದ ಬಾವಿ, ಕೃಷಿಹೊಂಡ ಎಲ್ಲಿವೆ ಎಂದು ಮೊದಲು ನೋಡಿ ದೂರ ಬಿಡಾರ ಹೂಡಿರಿ. ಹರಿಗೋಲಿನಲ್ಲಿ ಕೂರುವುದಾದರೆ ಮಗುವಿನ ಅಳತೆಯ ತೇಲುವ ಜಾಕೀಟು ಇದ್ದರೆ ಮಾತ್ರ.

ನೀರಿನಿಂದ ಎತ್ತಿದ ಮಗುವನ್ನು ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಬೇಡ. ಅದಕ್ಕೆ ಬೇಕಾದುದು ಉಸಿರು. ಉಸಿರಾಡದಿದ್ದರೆ ಕೂಡಲೆ ಬಾಯಿಗೆ ಬಾಯಿಟ್ಟು ಉಸಿರು ಊದಬೇಕು, ಎದೆ ಒತ್ತಬೇಕು, 108ಕ್ಕೆ ಕರೆ ಮಾಡಬೇಕು.

ಹುಲ್ಲಿನಲ್ಲಿ, ಕಲ್ಲಿನಡಿಯಲ್ಲಿ

ಯಲಬುರ್ಗಾ ಕಡೆಯ ಎರೆ ಹೊಲವಾಗಲಿ, ಕುಷ್ಟಗಿ ಕಡೆಯ ಮಸಾರಿಯಾಗಲಿ, ಮಳೆಯ ನಂತರ ಬದುವಿನ ಹುಲ್ಲು ಮೊಣಕಾಲೆತ್ತರ ಬೆಳೆದಿರುತ್ತದೆ. ಮಗುವಿಗೆ ಮುಚ್ಚಿದ ಬೂಟು, ಉದ್ದ ಚಡ್ಡಿ ತೊಡಿಸಿರಿ. ಕಲ್ಲುಗುಪ್ಪೆ, ಕಣಕಿ ಬಣವೆ, ಬಿಲಗಳಲ್ಲಿ ಕೈ ಹಾಕಲು ಬಿಡಬೇಡಿರಿ.

ಹಾವು ಕಚ್ಚಿದರೆ ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದೆ, ಮಗುವನ್ನು ನಡೆಸದೆ, ಎತ್ತಿಕೊಂಡು ನೇರವಾಗಿ ಸರಕಾರಿ ಆಸ್ಪತ್ರೆಗೆ ಹೋಗಿರಿ. ಬಿಗಿಯಾಗಿ ಹಗ್ಗ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಹೀರುವುದು, ಮಂತ್ರ ಹಾಕಿಸುತ್ತ ಕೂರುವುದು ಎಲ್ಲವೂ ಕಾಲಹರಣ, ಅಪಾಯ. ಕಟ್ಟುಹಾವು ಕಚ್ಚಿದಲ್ಲಿ ಬಾವು, ನೋವು ಹೆಚ್ಚಿರುವುದಿಲ್ಲ. 'ಏನೂ ಆಗಿಲ್ಲ' ಎಂದು ಮಲಗಿಸಬಾರದು.

ಕೆಂಪು ಚೇಳಿನ ಕಡಿತ ದೊಡ್ಡವರಿಗೆ ನೋವಿನಲ್ಲಿ ಮುಗಿದರೂ ಮಕ್ಕಳಿಗೆ ಪ್ರಾಣಾಂತಿಕವಾಗಬಹುದು. ಧಾರಾಕಾರ ಬೆವರು, ವಾಂತಿ, ತಣ್ಣಗಾದ ಕೈಕಾಲು ಹೃದಯಕ್ಕೆ ವಿಷ ತಟ್ಟಿದ ಲಕ್ಷಣ. ಮಹಾರಾಷ್ಟ್ರದ ಮಹಾಡ ಎಂಬ ಸಣ್ಣ ಊರಿನ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ರಕ್ತದೊತ್ತಡದ ಸಾಮಾನ್ಯ ಮಾತ್ರೆ ಪ್ರಾಜೋಸಿನ್ ಇದಕ್ಕೆ ಒದಗುತ್ತದೆಂದು ತೋರಿಸಿ ಎಷ್ಟೋ ಮಕ್ಕಳ ಜೀವ ಉಳಿಸಿದರು. ಆದರೆ ಅದನ್ನು ಕೊಡುವುದು ವೈದ್ಯರ ಕೆಲಸ. ನಿಮ್ಮ ಕೆಲಸ ಬೇಗ ತಲುಪಿಸುವುದು.

ಹಗಲಿನ ಸೊಳ್ಳೆ, ಸಂಜೆಯ ಸೊಳ್ಳೆ

ಡೆಂಗೀ ಹರಡುವ ಸೊಳ್ಳೆ ಹಗಲಿನಲ್ಲಿ, ಅದರಲ್ಲೂ ಬೆಳಗ್ಗೆ ಮತ್ತು ಸಂಜೆ ಕತ್ತಲಾಗುವ ಮೊದಲು ಕಚ್ಚುತ್ತದೆ. ಭತ್ತದ ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ, ಮೆದುಳು ಜ್ವರ ಹರಡುವ ಸೊಳ್ಳೆ ಕತ್ತಲಾಗುತ್ತಿದ್ದಂತೆ ಏಳುತ್ತದೆ. ಮೆದುಳು ಜ್ವರ ಕಂಡುಬಂದಿರುವ ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. ಇದಕ್ಕೆ ಲಸಿಕೆಯಿದೆ: 9 ತಿಂಗಳಿಗೆ ಒಮ್ಮೆ, 16ರಿಂದ 24 ತಿಂಗಳ ನಡುವೆ ಇನ್ನೊಮ್ಮೆ. ಮಗುವಿನ ತಾಯಿ ಕಾರ್ಡು ತೆಗೆದು ನೋಡಿರಿ, ಬಿಟ್ಟುಹೋಗಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಡೆಂಗೀಗೆ ತುಂಬುತೋಳಿನ ಅಂಗಿ, ಸೊಳ್ಳೆಪರದೆಯೇ ರಕ್ಷಣೆ. ಕತ್ತಲಾಗುವ ಮೊದಲು ಮನೆ ಸೇರಿದರೆ ಸೊಳ್ಳೆಯಿಂದಲೂ, ಗುಡ್ಡಗಳ ಕರಡಿ ಚಿರತೆಗಳಿಂದಲೂ ದೂರವಾದಂತೆ.

ಹೋಗಿಬಂದ ಹತ್ತು ದಿನಗಳೊಳಗೆ ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ ಕೊಡಿರಿ, ಅದೂ ವೈದ್ಯರು ತೂಕ ನೋಡಿ ಹೇಳಿದ ಅಳತೆಯಲ್ಲಿ. ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು, ಡೆಂಗೀ ಇದ್ದರೆ ರಕ್ತಸ್ರಾವ ಹೆಚ್ಚುತ್ತದೆ. ಡೆಂಗೀಯಲ್ಲಿ ಜ್ವರ ಇಳಿಯುವ ದಿನವೇ ಅಪಾಯದ ದಿನ. ಆಗ ಹೊಟ್ಟೆನೋವು, ಪದೇ ಪದೇ ವಾಂತಿ, ಒಸಡಿನ ರಕ್ತ, ತಣ್ಣನೆಯ ಕೈಕಾಲು, ಮಂಪರು ಕಂಡರೆ ತಡಮಾಡದಿರಿ.

ಹೊರಡುವ ಮುನ್ನ

ಟ್ರ್ಯಾಕ್ಟರ್ ಟ್ರೇಲರಿನ ಅಂಚಿನಲ್ಲಿ, ಮಡ್‌ಗಾರ್ಡಿನ ಮೇಲೆ ಮಗುವನ್ನು ಕೂರಿಸಬೇಡಿರಿ. ಹೊಸದಾಗಿ ಔಷಧ ಹೊಡೆದ ಹೊಲವಾದರೆ ಚರಗಕ್ಕೆ ಬೇರೆ ಜಾಗ ನೋಡಿರಿ. ಖಾಲಿ ಔಷಧ ಡಬ್ಬಿ ಮಗುವಿನ ಕೈಗೆ ಸಿಗದಿರಲಿ. ನೀರು, ಓಆರ್‌ಎಸ್, ಸಾಬೂನು, ಟೊಪ್ಪಿಗೆ, ಒಂದು ಜೊತೆ ಒಣ ಬಟ್ಟೆ, ಸಂಜೆಗೆ ಸ್ವೆಟರು, ಚಾರ್ಜು ತುಂಬಿದ ಮೊಬೈಲು ಇಷ್ಟಿದ್ದರೆ ಸಾಕು.

ಮಧ್ಯಾಹ್ನ ಮರದ ನೆರಳಿನಲ್ಲಿ ಕೂಸು ಒಂದು ತಾಸು ಮಲಗಲಿ, ದೊಡ್ಡವರು ಅಷ್ಟು ಹೊತ್ತು ಕಾಯಲಿ. ಭೂಮಿತಾಯಿಗೆ ಉಣಿಸಲು ಹೋದ ದಿನ ಮನೆಯ ಕೂಸು ಉಂಡು, ಆಡಿ, ಮಲಗಿ, ನಗುತ್ತ ಮನೆಗೆ ಮರಳಿದರೆ ಹಬ್ಬ ಸಾರ್ಥಕ.