ಕಬಿನಿ ರಿವರ್ ಲಾಡ್ಜ್

ಕಬಿನಿ ರಿವರ್ ಲಾಡ್ಜ್ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ, ಕಬಿನಿ ಜಲಾಶಯದ ಹಿನ್ನೀರಿನ ದಂಡೆಯಲ್ಲಿರುವ ವನ್ಯಜೀವಿ ವಿಹಾರಧಾಮ. ಕರ್ನಾಟಕ ಸರ್ಕಾರದ ಉದ್ಯಮವಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯು ಇದನ್ನು ನಡೆಸುತ್ತದೆ. ವಸತಿ, ಊಟ, ಸಫಾರಿ, ದೋಣಿವಿಹಾರಗಳೆಲ್ಲವೂ ಒಂದೇ ಆವರಣದಿಂದ ದೊರೆಯುವುದು ಇದರ ವೈಶಿಷ್ಟ್ಯ.

ಹಿನ್ನೆಲೆ

ಕಾರಾಪುರವು ಮೈಸೂರು ಅರಸರ ಬೇಟೆಯ ಬೀಡಾಗಿತ್ತು. ಸಮೀಪದ ಕಾಕನಕೋಟೆ ಕಾಡಿನಲ್ಲಿ ಕಾಡಾನೆಗಳನ್ನು ಅಟ್ಟಿ ಸೆರೆಹಿಡಿಯುವ ಖೆಡ್ಡಾ ನಡೆಯುತ್ತಿತ್ತು. ಕಾಡನ್ನು ಬಲ್ಲ ಜೇನುಕುರುಬ, ಕಾಡುಕುರುಬ ಸಮುದಾಯಗಳ ಜನರು ಈ ಕಾರ್ಯಕ್ಕೆ ಆಧಾರವಾಗಿದ್ದರು. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನಿಂದ ಖೆಡ್ಡಾ ನಡೆಯುತ್ತಿದ್ದ ಕಾಡೂ ಹಲವು ಹಳ್ಳಿಗಳೂ ಮುಳುಗಡೆಯಾಗಿ, ಅಲ್ಲಿದ್ದ ಜನರು ನೆಲೆ ಕಳೆದುಕೊಂಡರು. ಅರಸರ ಕಾಲದ ಮಹಾರಾಜ ಬಂಗಲೆ ಮತ್ತು ವೈಸ್‌ರಾಯ್ ಬಂಗಲೆಗಳು ಇಂದು ಲಾಡ್ಜಿನ ಭಾಗವಾಗಿವೆ. ಕರ್ನಲ್ ಜಾನ್ ಫೆಲಿಕ್ಸ್ ವೇಕ್‌ಫೀಲ್ಡ್ (1916–2010) ಇದನ್ನು ಹಲವು ವರ್ಷ ಮುನ್ನಡೆಸಿ, ಕಡೆಯವರೆಗೂ ಇಲ್ಲಿಯೇ ನೆಲೆಸಿದ್ದರು.

ಸೌಲಭ್ಯಗಳು

ಪ್ರವಾಸಿಗರಿಗೆ ಕುಟೀರಗಳು, ಕೊಠಡಿಗಳು ಹಾಗೂ ಸಾಮೂಹಿಕ ಭೋಜನಶಾಲೆ ಇವೆ. ಮುಂಜಾನೆ ಮತ್ತು ಸಂಜೆ ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗೆ ವಾಹನ ಸಫಾರಿ ನಡೆಯುತ್ತದೆ. ಆನೆ, ಕಾಟಿ, ಜಿಂಕೆ, ಕಡವೆ, ಸೀಳುನಾಯಿಗಳನ್ನು ಕಾಣಬಹುದು. ಹುಲಿ, ಚಿರತೆಗಳು ಕಾಣುವುದು ಅದೃಷ್ಟವನ್ನು ಅವಲಂಬಿಸಿದೆ. ದೋಣಿ ಸಫಾರಿಯಲ್ಲಿ ಮೊಸಳೆ, ನೀರುನಾಯಿ, ನೀರುಹಕ್ಕಿಗಳು ಹಾಗೂ ನೀರಿಗಿಳಿದ ಆನೆಗಳು ಗೋಚರಿಸುತ್ತವೆ. ಹರಿಗೋಲಿನ ಪಯಣ ಮತ್ತು ವನ್ಯಜೀವಿ ಚಿತ್ರಪ್ರದರ್ಶನ ಇತರ ಆಕರ್ಷಣೆಗಳು.

ಸೂಕ್ತ ಕಾಲ

ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದಂತೆ ತೆರೆದ ದಂಡೆಯಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಒಳಗಾಡಿನ ಕೆರೆಕಟ್ಟೆಗಳು ಬತ್ತಿದಾಗ ನಾಗರಹೊಳೆ, ಬಂಡೀಪುರ, ವಯನಾಡು ಕಾಡುಗಳ ಆನೆಗಳು ಮೇವು ಮತ್ತು ನೀರನ್ನು ಅರಸಿ ಇಲ್ಲಿಗೆ ಬರುತ್ತವೆ. ಏಷ್ಯಾದ ಆನೆಗಳು ಅತಿ ಹೆಚ್ಚು ಸಂಖ್ಯೆಯಲ್ಲಿ ಒಟ್ಟುಗೂಡುವ ತಾಣಗಳಲ್ಲಿ ಇದೂ ಒಂದು. ಮಳೆಗಾಲ ಆರಂಭವಾಗಿ ಜಲಾಶಯ ತುಂಬಿದ ಮೇಲೆ ಹಿಂಡುಗಳು ಚದುರುತ್ತವೆ. ಆಗ ಕಾಡು ಹಸಿರಾಗಿದ್ದರೂ ಪ್ರಾಣಿಗಳ ದರ್ಶನ ವಿರಳ.

ಮಹತ್ತ್ವ

ಒಂದು ಕಾಲದಲ್ಲಿ ಆನೆಗಳನ್ನು ಸೆರೆಹಿಡಿಯಲು ಜನ ಸೇರುತ್ತಿದ್ದ ಪ್ರದೇಶಕ್ಕೆ ಈಗ ಅವುಗಳನ್ನು ದೂರದಿಂದ ನೋಡಲು ಜನ ಬರುತ್ತಾರೆ. ಅಣೆಕಟ್ಟು ನುಂಗಿದ ಕಾಡಿನ ಅಂಚೇ ಬೇಸಿಗೆಯಲ್ಲಿ ಆನೆಗಳ ಆಸರೆಯಾಗಿದೆ. ಆ ಅಂಚು ನಿಶ್ಶಬ್ದವಾಗಿ, ನಿರ್ಮಲವಾಗಿ ಉಳಿದರೆ ಮಾತ್ರ ಈ ಪ್ರವಾಸೋದ್ಯಮವೂ ಉಳಿಯುತ್ತದೆ. ಸಫಾರಿಯಲ್ಲಿ ಮೌನ ಪಾಲಿಸುವುದು, ವಾಹನದಿಂದ ಇಳಿಯದಿರುವುದು, ಪ್ಲಾಸ್ಟಿಕ್ ಎಸೆಯದಿರುವುದು ಈ ಕಾರಣದಿಂದಲೇ ಅಗತ್ಯ.